ಅರವತ್ತಕ್ಕೆ ಅರಳು ಮರಳು ಸಹಜವೇ? ನೆನಪಿನ ಪರೀಕ್ಷೆ ಯಾರು, ಯಾವ ಭಾಷೆಯಲ್ಲಿ ಮಾಡಬೇಕು?

‘ಅರವತ್ತಕ್ಕೆ ಅರಳು ಮರಳು’ ಎಂದು ಹಿರಿಯರ ಮರೆವನ್ನು ಕಡೆಗಣಿಸುವವರಿದ್ದಾರೆ. ಮೊಬೈಲಿನಲ್ಲಿ ಸಿಗುವ ಪ್ರಶ್ನಾವಳಿ ನೋಡಿ ಡಿಮೆನ್ಷಿಯಾ ಎಂದು ಹೆದರುವವರೂ ಇದ್ದಾರೆ. ಎರಡೂ ಸರಿಯಲ್ಲ. ಮರೆವು ಎಷ್ಟಿದೆ, ಯಾವ ಬಗೆಯದು ಎಂದು ಅಳೆಯುವುದಕ್ಕೇ ಒಂದು ವೃತ್ತಿ ಇದೆ. ಅದೇ ನ್ಯೂರೋಸೈಕಾಲಜಿ, ಅಂದರೆ ನರಮನೋವಿಜ್ಞಾನ.

ನ್ಯೂರಾಲಜಿಸ್ಟ್ ಬೇರೆ, ನ್ಯೂರೋಸೈಕಾಲಜಿಸ್ಟ್ ಬೇರೆ

ನ್ಯೂರಾಲಜಿಸ್ಟ್ ಮಿದುಳು ಮತ್ತು ನರಗಳ ವೈದ್ಯರು, ಔಷಧಿ ಕೊಡುತ್ತಾರೆ. ನ್ಯೂರೋಸೈಕಾಲಜಿಸ್ಟ್ ಮನಶ್ಶಾಸ್ತ್ರದ ಹಿನ್ನೆಲೆಯವರು. ಪಾರ್ಶ್ವವಾಯು, ತಲೆಗೆ ಪೆಟ್ಟು, ಅಪಸ್ಮಾರ ಅಥವಾ ಡಿಮೆನ್ಷಿಯಾದಿಂದ ನೆನಪು, ಗಮನ, ಮಾತು, ಯೋಜನಾ ಶಕ್ತಿ ಎಷ್ಟು ಕುಂದಿವೆ ಎಂದು ಪರೀಕ್ಷಿಸುತ್ತಾರೆ, ಮರುತರಬೇತಿಯನ್ನೂ ಕೊಡುತ್ತಾರೆ.

ತಪ್ಪು ಕಲ್ಪನೆ: ಸ್ಕ್ಯಾನ್ ಮಾಡಿಸಿದರೆ ಸಾಕು

ಎಂಆರ್‌ಐ ಮಿದುಳಿನ ರಚನೆಯನ್ನು ತೋರಿಸುತ್ತದೆ. ಆ ವ್ಯಕ್ತಿ ಅಂಗಡಿಯ ಲೆಕ್ಕ ನೋಡಬಲ್ಲರೇ, ಗಾಡಿ ಓಡಿಸಬಲ್ಲರೇ ಎಂಬುದನ್ನು ತೋರಿಸುವುದಿಲ್ಲ.

ಬೆಂಗಳೂರಿನ ಪಾತ್ರ

ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾಯಿತು. 1974ರಲ್ಲಿ ಅದು ಮಾನಸಿಕ ಆಸ್ಪತ್ರೆಯೊಂದಿಗೆ ಸೇರಿ ನಿಮ್ಹಾನ್ಸ್ ಆಯಿತು. ಅಲ್ಲಿ ಸಿ. ಆರ್. ಮುಕುಂದನ್ ನ್ಯೂರೋಸೈಕಾಲಜಿಗೆ ನೆಲೆ ಒದಗಿಸಿದರು. 2004ರಲ್ಲಿ ಶೋಬಿನಿ ರಾವ್, ಡಿ. ಕೆ. ಸುಬ್ಬಕೃಷ್ಣ ಮತ್ತು ಕೆ. ಗೋಪುಕುಮಾರ್ ಅವರ ‘ನಿಮ್ಹಾನ್ಸ್ ನ್ಯೂರೋಸೈಕಾಲಜಿ ಬ್ಯಾಟರಿ’ ಪ್ರಕಟವಾಯಿತು. ಇದರಲ್ಲಿ 16ರಿಂದ 65 ವರ್ಷದವರಿಗೆ ವಯಸ್ಸು, ಲಿಂಗ ಮತ್ತು ಓದಿಗೆ ತಕ್ಕಂತೆ ಪ್ರತ್ಯೇಕ ಮಾನದಂಡಗಳಿವೆ. ಶಾಲೆಗೇ ಹೋಗದವರಿಗೂ ಮಾನದಂಡವಿದೆ. ಅಕ್ಷರ ಬಾರದ ಅಜ್ಜಿಯನ್ನು ಪದವೀಧರರ ಅಂಕಕ್ಕೆ ಹೋಲಿಸಿದರೆ ಇಲ್ಲದ ಕಾಯಿಲೆ ಕಂಡೀತು.

ಶಿವಾಜಿನಗರದ ಪ್ರಶ್ನೆ: ಯಾವ ಭಾಷೆ?

ಶಿವಾಜಿನಗರದಲ್ಲಿ ಮನೆಯಲ್ಲಿ ದಖನಿ, ಮಾರುಕಟ್ಟೆಯಲ್ಲಿ ತಮಿಳು, ಕಚೇರಿಯಲ್ಲಿ ಕನ್ನಡ ಆಡುವವರು ಹಲವರು. ಹಲಸೂರಿನಲ್ಲಿ ತಮಿಳು, ಕೆ.ಆರ್. ಪುರದಲ್ಲಿ ತೆಲುಗು ಸಾಮಾನ್ಯ. ಇಂಥವರಿಗೆ ಇಂಗ್ಲಿಷ್ ಪದಪಟ್ಟಿ ಕೊಟ್ಟರೆ ಅಳತೆಯಾಗುವುದು ನೆನಪಲ್ಲ, ಇಂಗ್ಲಿಷ್. ಬರೀ ಅನುವಾದವೂ ಸಾಲದು. ಪದ ಎಷ್ಟು ಪರಿಚಿತ, ಎಷ್ಟು ಉದ್ದ ಎಂಬುದೂ ಅಂಕವನ್ನು ಬದಲಿಸುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಿದ್ಧಪಡಿಸಿದ ಪರೀಕ್ಷಾ ಸಮೂಹ ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಂ ಭಾಷೆಗಳಲ್ಲಿ ಬಂತು. ಆ ಮೊದಲ ಐದರಲ್ಲಿ ಕಂಟೋನ್ಮೆಂಟಿನ ತಮಿಳು, ಉರ್ದು ಇಲ್ಲ. ಇಂಥ ಕೊರತೆ ತುಂಬಿಸಲು ಒತ್ತಾಯಿಸುವುದೂ ಈ ವೃತ್ತಿಯ ಮುಂದಾಳುಗಳ ಕೆಲಸವೇ.

ಬೋರ್ಡ್ ನೋಡಿ ನಂಬಬೇಕೆ?

1992ರ ಕಾಯ್ದೆಯಡಿ ಭಾರತೀಯ ಪುನರ್ವಸತಿ ಪರಿಷತ್ತು (ಆರ್‌ಸಿಐ) ಕ್ಲಿನಿಕಲ್ ಸೈಕಾಲಜಿಸ್ಟ್‌ಗಳನ್ನು ನೋಂದಾಯಿಸುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಅವರ ಅರ್ಹತೆಯನ್ನು ವಿವರಿಸಿದೆ. ಆದರೆ ‘ನ್ಯೂರೋಸೈಕಾಲಜಿಸ್ಟ್’ ಎಂಬುದಕ್ಕೆ ಪರಿಷತ್ತಿನಲ್ಲಿ ಬೇರೆ ವರ್ಗವಿಲ್ಲ. ಅಮೆರಿಕದಲ್ಲಿ 1997ರ ಹ್ಯೂಸ್ಟನ್ ಸಮ್ಮೇಳನ ಡಾಕ್ಟರೇಟ್ ನಂತರ ಎರಡು ವರ್ಷದ ವಿಶೇಷ ತರಬೇತಿಯ ಮಾದರಿಯನ್ನು ಮುಂದಿಟ್ಟಿತು. ಇಲ್ಲಿ ಅಂಥ ಸ್ಪಷ್ಟತೆ ಬರುವವರೆಗೆ ವಿಚಾರಿಸುವ ಹೊಣೆ ನಮ್ಮದೇ.

ನೀವು ಏನು ಮಾಡಬಹುದು?

- ಮೊದಲು ವೈದ್ಯರನ್ನು ಕಾಣಿ. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆಯಿಂದಲೂ ಮರೆವು ಬರುತ್ತದೆ. ಇವಕ್ಕೆ ಚಿಕಿತ್ಸೆ ಇದೆ.
- ಪರೀಕ್ಷೆ ಮಾಡುವವರ ಆರ್‌ಸಿಐ ನೋಂದಣಿ ಮತ್ತು ನ್ಯೂರೋಸೈಕಾಲಜಿ ತರಬೇತಿಯ ಬಗ್ಗೆ ಕೇಳಿ.
- ಮನೆಯಲ್ಲಿ ಆಡುವ ಭಾಷೆ, ಓದಿದ ತರಗತಿ, ಮಾಡುತ್ತಿದ್ದ ಕೆಲಸವನ್ನು ಮೊದಲೇ ತಿಳಿಸಿ.
- ಕನ್ನಡಕ, ಶ್ರವಣ ಸಾಧನ ಮರೆಯದೆ ಒಯ್ಯಿರಿ. ಕೇಳಿಸದಿದ್ದರೂ ಅಂಕ ಕಡಿಮೆಯಾಗುತ್ತದೆ.
- ಮಾತು ತೊದಲುವುದು, ಮುಖ ಸೊಟ್ಟಗಾಗುವುದು, ಒಂದು ಕೈ ಸೋಲುವುದು ಏಕಾಏಕಿ ಕಂಡರೆ ಪರೀಕ್ಷೆಗೆ ಕಾಯಬೇಡಿ. ಅದು ಪಾರ್ಶ್ವವಾಯು ಇರಬಹುದು, ತಕ್ಷಣ ಆಸ್ಪತ್ರೆಗೆ ಹೋಗಿ.

ವಯಸ್ಸಾದಾಗ ಹೆಸರು ನೆನಪಾಗಲು ತುಸು ತಡವಾಗುವುದು ಸಹಜ. ದಿನನಿತ್ಯದ ಕೆಲಸವೇ ತಪ್ಪತೊಡಗಿದರೆ ಅದು ಅರಳು ಮರಳಲ್ಲ. ಪರೀಕ್ಷೆ ಮಾಡಿಸಬೇಕಾದ ಲಕ್ಷಣ.