ದೇವಾರಾಧನೆಯ ಸಂಗೀತವೂ ವೇತನವೂ: ಲೈಪ್‌ಜಿಗ್ ನಗರದ ಒಂದು ನಿದರ್ಶನ

ಕ್ರೈಸ್ತ ದೇವಾರಾಧನೆಯಲ್ಲಿ ಹಾಡುವವರಿಗೂ ವಾದ್ಯ ನುಡಿಸುವವರಿಗೂ ವೇತನ ಸಲ್ಲಬೇಕೆ ಎಂಬುದು ಬಹು ಹಳೆಯ ಪ್ರಶ್ನೆ. ಉಚಿತವಾಗಿ ಹೊಂದಿದುದನ್ನು ಉಚಿತವಾಗಿಯೇ ಕೊಡಬೇಕೆಂಬ ಕ್ರಿಸ್ತನ ಬೋಧೆಯನ್ನು ಒಂದು ಪಕ್ಷದವರು ಆಧಾರವಾಗಿ ಹಿಡಿಯುತ್ತಾರೆ. ವೇದಿಯ ಬಳಿ ಸೇವೆ ಮಾಡುವವರಿಗೆ ಅಲ್ಲಿಯೇ ಪಾಲುಂಟೆಂದು ಪೌಲನು ಕೊರಿಂಥದವರಿಗೆ ತಿಳಿಸಿದುದನ್ನು ಮತ್ತೊಂದು ಪಕ್ಷದವರು ಮುಂದಿಡುತ್ತಾರೆ. ಇದಕ್ಕೂ ಹಿಂದಿನ ಯೆಹೂದ್ಯ ಪರಂಪರೆಯಲ್ಲಿ, ತಮಗೆ ಸಲ್ಲಬೇಕಾದ ಭಾಗವು ಸಲ್ಲದೆ ಲೇವಿಯರೂ ಗಾಯಕರೂ ಜೆರೂಸಲೇಮಿನ ದೇವಾಲಯವನ್ನು ಬಿಟ್ಟು ತಂತಮ್ಮ ಹೊಲಗಳಿಗೆ ತೆರಳಿದ ಸಂಗತಿಯು ನೆಹೆಮೀಯನ ಗ್ರಂಥದ 13ನೆಯ ಅಧ್ಯಾಯದಲ್ಲಿ ಬಂದಿದೆ. ಒಂದು ವಚನಕ್ಕೆ ಮತ್ತೊಂದು ವಚನವನ್ನು ಎದುರು ನಿಲ್ಲಿಸುವುದರಿಂದ ಮಾತ್ರ ಈ ವಿವಾದವು ತೀರುವಂತಹುದಲ್ಲ. ಆದುದರಿಂದ ವೇತನವು ತಪ್ಪಿದಾಗ ವಸ್ತುತಃ ಏನಾಯಿತೆಂಬುದನ್ನು ಒಂದು ಐತಿಹಾಸಿಕ ನಿದರ್ಶನದಲ್ಲಿ ಪರಿಶೀಲಿಸೋಣ.

ಯೋಹಾನ್ ಸೆಬಾಸ್ಟಿಯನ್ ಬಾಖನು (1685–1750) ತನ್ನ ಅನೇಕ ಕೃತಿಗಳ ಕೊನೆಯಲ್ಲಿ, ಮಹಿಮೆಯು ದೇವರೊಬ್ಬನಿಗೇ ಸಲ್ಲಲೆಂಬ ಅರ್ಥದ ಮೂರು ಲ್ಯಾಟಿನ್ ಅಕ್ಷರಗಳನ್ನು ಬರೆಯುತ್ತಿದ್ದನು. ಅದೇ ಕೈ ಸಂಬಳದ ವಿಷಯವನ್ನೂ ಸಂಕೋಚವಿಲ್ಲದೆ ಬರೆದಿದೆ. 1708ರಲ್ಲಿ ಮ್ಯೂಲ್‌ಹೌಸನ್ ನಗರದ ಆರ್ಗನ್ ವಾದಕನ ಹುದ್ದೆಯನ್ನು ಬಿಡುವಾಗ, ದೇವರ ಮಹಿಮೆಗಾಗಿ ಸುವ್ಯವಸ್ಥಿತವಾದ ಆರಾಧನಾ ಸಂಗೀತವನ್ನು ನೆಲೆಗೊಳಿಸುವುದೇ ತನ್ನ ಗುರಿಯೆಂದು ಆತನು ತಿಳಿಸಿದನು. ಮನೆಯ ಬಾಡಿಗೆ ಮೊದಲಾದ ವೆಚ್ಚಗಳನ್ನು ಕಳೆದರೆ ಜೀವನ ಸಾಗಿಸುವುದು ಕಷ್ಟವೆಂದೂ ಅದೇ ಪತ್ರದಲ್ಲಿ ಬರೆದನು. ಈ ಎರಡು ಮಾತುಗಳಲ್ಲಿ ಆತನಿಗೆ ಯಾವ ವಿರೋಧವೂ ತೋರಲಿಲ್ಲವೆಂಬುದು ಗಮನಾರ್ಹ.

1723ರಲ್ಲಿ ಬಾಖನು ಲೈಪ್‌ಜಿಗ್ ನಗರದ ಸೇಂಟ್ ತಾಮಸ್ ಶಾಲೆಯ ಸಂಗೀತಾಚಾರ್ಯನಾದನು. ನಗರದ ಮುಖ್ಯ ಚರ್ಚುಗಳ ಸಂಗೀತವೂ ಆತನ ಹೊಣೆಯಾಗಿತ್ತು. 1730ರ ಆಗಸ್ಟಿನಲ್ಲಿ ನಗರಸಭೆಯು ಆತನ ಕರ್ತವ್ಯಲೋಪವನ್ನು ಆಕ್ಷೇಪಿಸಿ, ವರಮಾನವನ್ನು ತಗ್ಗಿಸುವ ಮಾತನ್ನಾಡಿತು. ಆ ತಿಂಗಳ 23ರಂದು ಬಾಖನು ಸಭೆಗೆ ಒಂದು ವಿಜ್ಞಾಪನೆಯನ್ನು ಸಲ್ಲಿಸಿದನು. ಅದರಂತೆ, ವಾದ್ಯಮೇಳಕ್ಕೆ ಕನಿಷ್ಠ 18 ಮಂದಿ ಬೇಕಾಗಿದ್ದರೂ ನಗರದ ವೇತನದ ಮೇಲಿದ್ದವರು ಊದುವಾದ್ಯದವರು 4, ಪಿಟೀಲಿನವರು 3, ಸಹಾಯಕನೊಬ್ಬ, ಒಟ್ಟು 8 ಮಂದಿ ಮಾತ್ರ. ಇವರಲ್ಲಿಯೂ ಕೆಲವರು ವಯಸ್ಸಾದವರು, ಕೆಲವರು ಅಭ್ಯಾಸ ತಪ್ಪಿದವರು.

ಉಳಿದ ಸ್ಥಾನಗಳನ್ನು ತುಂಬುತ್ತಿದ್ದವರು ಯಾರು? ಹಿಂದೆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಬರುತ್ತಿದ್ದರು, ಏಕೆಂದರೆ ಅವರಿಗೆ ಅಲ್ಪಸ್ವಲ್ಪ ಸಹಾಯಧನವು ದೊರೆಯುತ್ತಿತ್ತು. ಅದು ನಿಂತುಹೋದ ಮೇಲೆ ಅವರ ಉತ್ಸಾಹವೂ ನಿಂತಿತು. ಆಗ ಶಾಲೆಯ ಹುಡುಗರನ್ನೇ ವಾದ್ಯಗಳಿಗೆ ಹಚ್ಚಬೇಕಾಯಿತು. ವಾದ್ಯ ಹಿಡಿದ ಹುಡುಗನು ಗಾಯಕವೃಂದಕ್ಕೆ ನಷ್ಟವಾದನು. ಆ ಶಾಲೆಯ ವಿದ್ಯಾರ್ಥಿಗಳಲ್ಲಿ ಹಾಡಲು ಯೋಗ್ಯರಾದವರು 17, ಇನ್ನೂ ಸಿದ್ಧರಾಗದವರು 20, ಅಯೋಗ್ಯರು 17 ಎಂಬುದು ಬಾಖನ ಲೆಕ್ಕ. ಹೀಗೆ ನಗರಸಭೆಯು ಉಳಿಸಿದ ಹಣದ ಭಾರವು ಮಾಯವಾಗಲಿಲ್ಲ. ಅದು ಶಾಲೆಯ ಹುಡುಗರ ಹೆಗಲಿಗೂ ಆರಾಧನೆಯ ಗುಣಮಟ್ಟಕ್ಕೂ ವರ್ಗವಾಯಿತು. ಡ್ರೆಸ್ಡೆನ್ ನಗರದಲ್ಲಿ ರಾಜನ ಸಂಬಳ ಪಡೆಯುವ ವಾದಕನು ಹೊಟ್ಟೆಪಾಡಿನ ಚಿಂತೆಯಿಲ್ಲದೆ ಒಂದೇ ವಾದ್ಯದಲ್ಲಿ ಪರಿಣತನಾಗಬಲ್ಲನು, ಅನ್ನಕ್ಕಾಗಿ ಅಲೆಯುವವನಿಗೆ ಅಂತಹ ಸಾಧನೆಯು ಅಶಕ್ಯ ಎಂಬ ಬಾಖನ ಹೋಲಿಕೆಯು ಯಥಾರ್ಥವಾದುದು. ವೇತನವು ಇಲ್ಲಿ ಭಕ್ತಿಯ ಬೆಲೆಯಲ್ಲ, ಅಭ್ಯಾಸಕ್ಕೆ ಬೇಕಾದ ಕಾಲದ ಬೆಲೆ.

ಆದರೆ ಎದುರು ಪಕ್ಷದ ಶಂಕೆಯನ್ನು ನಿರಾಧಾರವೆನ್ನಲಾಗದು. ಅದೇ ವರ್ಷದ ಅಕ್ಟೋಬರ್ 28ರಂದು ಬಾಖನು ತನ್ನ ಹಳೆಯ ಸ್ನೇಹಿತ ಗಿಯೋರ್ಗ್ ಎರ್ಡ್‌ಮನ್ನನಿಗೆ ಬರೆದ ಪತ್ರವೇ ಇದಕ್ಕೆ ಸಾಕ್ಷಿ. ತನ್ನ ವರಮಾನವು ಸುಮಾರು 700 ಥಾಲರ್ ಎಂದೂ, ಊರಿನಲ್ಲಿ ಶವಸಂಸ್ಕಾರಗಳು ಹೆಚ್ಚಿದರೆ ಅದು ಏರುವುದೆಂದೂ, ಗಾಳಿ ಆರೋಗ್ಯಕರವಾಗಿದ್ದರೆ ಇಳಿಯುವುದೆಂದೂ ತಿಳಿಸಿ, ಹಿಂದಿನ ವರ್ಷ ಈ ಬಾಬಿನಲ್ಲಿ 100 ಥಾಲರಿಗೂ ಹೆಚ್ಚು ನಷ್ಟವಾಯಿತೆಂದು ಆತನು ಹೇಳಿಕೊಂಡಿದ್ದಾನೆ. ನೆರೆಯವರ ಸಾವನ್ನು ಆದಾಯದ ಲೆಕ್ಕದಲ್ಲಿ ಎಣಿಸಬೇಕಾಗಿ ಬಂದ ಈ ಸ್ಥಿತಿ ಶೋಚನೀಯವಾದುದು. ಆದರೆ ದೋಷವು ವ್ಯಕ್ತಿಯದಲ್ಲ, ವೇತನದ್ದೂ ಅಲ್ಲ. ಸ್ಥಿರವಾದ ಜೀವಿಕೆಗೆ ಬದಲಾಗಿ ಸಂದರ್ಭಕ್ಕಿಷ್ಟು ಎಂದು ಕೊಡುವ ಕ್ರಮದ್ದು.

ಲೈಪ್‌ಜಿಗ್ಗಿನ ನಿದರ್ಶನದಿಂದ ನಮಗೆ ಎರಡು ಅಂಶಗಳು ವ್ಯಕ್ತವಾಗುತ್ತವೆ. ಪರಿಣತ ಸಂಗೀತವನ್ನು ಅಪೇಕ್ಷಿಸುವ ಸಭೆಯು ಅದರ ವೆಚ್ಚವನ್ನು ತಾನು ವಹಿಸದಿದ್ದರೆ, ಅದನ್ನು ದುರ್ಬಲರಾದ ಯಾರೋ ವಹಿಸಬೇಕಾಗುತ್ತದೆ. ಕೊಡುವ ರೀತಿಯು ಅನುಚಿತವಾದರೆ ಕೊಟ್ಟ ಹಣವೂ ಸೇವಕನ ಮನಸ್ಸನ್ನು ಕುಗ್ಗಿಸುತ್ತದೆ. ಆದುದರಿಂದ ವೇತನವನ್ನು ಕೊಡಬೇಕೆ ಎಂಬ ಪ್ರಶ್ನೆಗಿಂತ ಅದನ್ನು ಹೇಗೆ ಕೊಡಬೇಕೆಂಬ ಪ್ರಶ್ನೆಯೇ ಹೆಚ್ಚು ಮುಖ್ಯವೆಂದು ನಾವು ಭಾವಿಸುತ್ತೇವೆ. ಸ್ವಇಚ್ಛೆಯಿಂದ ಉಚಿತವಾಗಿ ನುಡಿಸುವವನ ಕಾಣಿಕೆಯು ಪೂಜ್ಯವಾದುದೇ. ಆದರೆ ಕಾಣಿಕೆಯೆಂಬುದು ಕೊಡುವವನು ನಿರ್ಧರಿಸತಕ್ಕದ್ದು, ಪಡೆಯುವವರು ವಿಧಿಸತಕ್ಕದ್ದಲ್ಲ.