ಏರ್ ಇಂಟೇಕ್ ಡಕ್ಟ್

ಏರ್ ಇಂಟೇಕ್ ಡಕ್ಟ್ ಎಂದರೆ ಮೋಟಾರು ವಾಹನದ ಮುಂಭಾಗದಿಂದ ಹೊರಗಿನ ಗಾಳಿಯನ್ನು ಏರ್ ಫಿಲ್ಟರಿನ ಮೂಲಕ ಇಂಜಿನ್ನಿಗೆ ಒದಗಿಸುವ ನಾಳ. ಇದರ ಬಾಯಿ ಸಾಮಾನ್ಯವಾಗಿ ಗ್ರಿಲ್‌ನ ಹಿಂದೆ, ರೇಡಿಯೇಟರಿನ ಮೇಲಂಚಿನಲ್ಲಿ ಅಥವಾ ಹೆಡ್‌ಲೈಟಿನ ಪಕ್ಕದಲ್ಲಿರುತ್ತದೆ. ರೇಡಿಯೇಟರನ್ನು ತಣಿಸುವ ಗಾಳಿ ಬೇರೆ, ಇದು ಬೇರೆ. ನಾಳದ ಗಾಳಿಯು ಸಿಲಿಂಡರಿನೊಳಗೆ ಇಂಧನವನ್ನು ಉರಿಸಲು ಬಳಕೆಯಾಗುತ್ತದೆ.

ತತ್ತ್ವ

ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. 1.2 ಲೀಟರಿನ ನಾಲ್ಕು ಸ್ಟ್ರೋಕ್ ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ, ಥ್ರಾಟಲ್ ಪೂರ್ತಿ ತೆರೆದಿದ್ದರೆ, ನಿಮಿಷಕ್ಕೆ 1800 ಲೀಟರಿನ ಹತ್ತಿರ ಗಾಳಿಯನ್ನು ಎಳೆದುಕೊಳ್ಳುತ್ತದೆ. ಗಾಳಿ ಬಿಸಿಯಾದಷ್ಟೂ ವಿರಳವಾಗುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನ ಹೊರಗಾಳಿಯ ಬದಲು ಬಾನೆಟ್ಟಿನಡಿಯ 60 ಡಿಗ್ರಿಯ ಗಾಳಿಯನ್ನು ಎಳೆದುಕೊಂಡರೆ ಅದೇ ಗಾತ್ರದಲ್ಲಿ ದೊರೆಯುವ ಆಮ್ಲಜನಕ ಶೇ. 10ರಷ್ಟು ಕಡಿಮೆ. ನಾಳವನ್ನು ಮುಂಭಾಗಕ್ಕೆ ಒಯ್ಯುವುದರ ಮುಖ್ಯ ಕಾರಣ ಇದೇ.

ವೇಗದಿಂದ ಗಾಳಿ ತಾನಾಗಿ ಒಳನುಗ್ಗಿ ಶಕ್ತಿ ಹೆಚ್ಚುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ಲೆಕ್ಕ ಅದನ್ನು ಅಷ್ಟಾಗಿ ಬೆಂಬಲಿಸುವುದಿಲ್ಲ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ದೊರೆಯುವ ಹೆಚ್ಚುವರಿ ಒತ್ತಡ ವಾಯುಮಂಡಲದ ಒತ್ತಡದ ಶೇ. 0.5ನ್ನೂ ಮುಟ್ಟದು; 200ರಲ್ಲಿ ಶೇ. 2ರ ಸಮೀಪಕ್ಕೆ ಬರುತ್ತದೆ. ಹೋಲಿಕೆಗೆ, ಸಮುದ್ರಮಟ್ಟದ ಮಂಗಳೂರಿನಿಂದ ಶಿರಾಡಿ ಘಾಟಿಯನ್ನೇರಿ ಸುಮಾರು 950 ಮೀಟರ್ ಎತ್ತರದ ಹಾಸನಕ್ಕೆ ಬರುವ ಕಾರು ಗಾಳಿಯ ಒತ್ತಡದಲ್ಲಿ ಹತ್ತನೇ ಒಂದು ಭಾಗವನ್ನೇ ಕಳೆದುಕೊಂಡಿರುತ್ತದೆ. ಫಾರ್ಮುಲಾ ಒನ್ ಕಾರುಗಳಲ್ಲಿ ಚಾಲಕನ ತಲೆಯ ಮೇಲಿರುವ ಗಾಳಿಬಾಯಿಗೆ ಅರ್ಥವಿರುವುದು ಅವುಗಳ ವೇಗದಿಂದಾಗಿ. ಸುಬಾರು ಇಂಪ್ರೆಜಾದ ಟರ್ಬೊ ಮಾದರಿಗಳ ಬಾನೆಟ್ ಮೇಲಿನ ಕಿಂಡಿಯನ್ನು ಹಲವರು ಇಂಟೇಕ್ ಎಂದು ಭಾವಿಸುತ್ತಾರೆ. ಅದು ಇಂಟರ್‌ಕೂಲರನ್ನು ತಣಿಸುವ ಕಿಂಡಿ.

ಮಾರ್ಪಾಡುಗಳು

ಮೂಲ ನಾಳವನ್ನು ತೆಗೆದು ಶಂಕುವಿನಾಕಾರದ ತೆರೆದ ಫಿಲ್ಟರ್ ಅಳವಡಿಸುವುದುಂಟು. ಸುತ್ತ ಮರೆಯಿಲ್ಲದಿದ್ದರೆ ಅದು ಎಳೆಯುವುದು ಇಂಜಿನ್ನಿನ ಬಿಸಿಗಾಳಿಯನ್ನೇ. ನಾಳಕ್ಕೆ ಜೋಡಿಸಿದ ಟೊಳ್ಳು ಪೆಟ್ಟಿಗೆಯಾದ ರೆಸೊನೇಟರ್ ಸದ್ದನ್ನು ತಗ್ಗಿಸುತ್ತದೆ. ಅದನ್ನು ಕಿತ್ತಾಗ ಹೆಚ್ಚುವ ಮೊರೆತವನ್ನು ಶಕ್ತಿಯೆಂದು ತಿಳಿಯುವವರೇ ಹೆಚ್ಚು.

ದೂಳು ಮತ್ತು ನೀರು

ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆ ಸುಗ್ಗಿಯಲ್ಲಿ ರಾಗಿ, ಹುರುಳಿಗಳನ್ನು ರಸ್ತೆಯ ಮೇಲೆ ಹರವಿ ಒಕ್ಕುವ ವಾಡಿಕೆಯಿದೆ. ಅಂಥ ದಾರಿಯಲ್ಲಿ ನಿತ್ಯ ಓಡಾಡುವ ವಾಹನಗಳ ಫಿಲ್ಟರಿನಲ್ಲಿ ಹೊಟ್ಟು ಬೇಗ ತುಂಬುವುದರಿಂದ ನಿಗದಿತ ಅವಧಿಗೆ ಮುನ್ನವೇ ಅದನ್ನು ಪರೀಕ್ಷಿಸಬೇಕಾಗುತ್ತದೆ.

ನೀರಿನ ಅಪಾಯ ಇದಕ್ಕಿಂತ ದೊಡ್ಡದು. ನಾಳದ ಬಾಯಿ ಮುಳುಗಿದರೆ ಸಿಲಿಂಡರಿಗೆ ನೀರು ಸೇರುತ್ತದೆ. ಗಾಳಿಯಂತೆ ನೀರನ್ನು ಅದುಮಲಾಗದು. ಪಿಸ್ಟನ್ ತಡೆದು ಕನೆಕ್ಟಿಂಗ್ ರಾಡ್ ಬಾಗುತ್ತದೆ ಅಥವಾ ಮುರಿಯುತ್ತದೆ. ಇದಕ್ಕೆ ಹೈಡ್ರೋಲಾಕ್ ಎಂದು ಹೆಸರು. ಬೆಂಗಳೂರಿನ ಹೊರ ವರ್ತುಲ ರಸ್ತೆಯ ಆಸುಪಾಸು 2022ರ ಸೆಪ್ಟೆಂಬರಿನಲ್ಲಿ ಜಲಾವೃತವಾದಂಥ ಸನ್ನಿವೇಶಗಳಲ್ಲಿ ಈ ಅಪಾಯ ಸಾಮಾನ್ಯ. ಹಳ್ಳ ದಾಟುವ ಜೀಪುಗಳಿಗೆ ನಾಳದ ಬಾಯಿಯನ್ನು ಮೇಲ್ಛಾವಣಿಯ ಮಟ್ಟಕ್ಕೆ ಏರಿಸುವ ಸ್ನಾರ್ಕೆಲ್ ಕೊಳವೆಯನ್ನು ಜೋಡಿಸುತ್ತಾರೆ. ನೀರಿನಲ್ಲಿ ನಿಂತುಹೋದ ಇಂಜಿನ್ನನ್ನು ಮತ್ತೆ ಸ್ಟಾರ್ಟ್ ಮಾಡಬಾರದು. ವಾಹನವನ್ನು ಎಳೆದು ತಂದು, ಏರ್ ಫಿಲ್ಟರ್ ಒದ್ದೆಯಾಗಿದೆಯೇ ಎಂದು ಮೊದಲು ನೋಡಬೇಕು. ಒದ್ದೆಯಾಗಿದ್ದರೆ ಸ್ಪಾರ್ಕ್ ಪ್ಲಗ್ಗುಗಳನ್ನು, ಡೀಸೆಲ್ ವಾಹನದಲ್ಲಿ ಇಂಜೆಕ್ಟರುಗಳನ್ನು, ಬಿಚ್ಚಿ ನೀರು ಹೊರಹಾಕಿದ ಬಳಿಕವೇ ಇಂಜಿನ್ನನ್ನು ಚಾಲೂ ಮಾಡುವುದು ಕ್ರಮ.