ಗಂಟಲಲ್ಲಿ ಕಾಣದ ರೋಗ: ಸೆಡೆತದ ದನಿಗೆ ಕಾಂತ ಪ್ರಚೋದನೆ ಬಂದ ಬಗೆ

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ದೇವಾಂಗ ನೇಕಾರರಲ್ಲಿ ಅನೇಕರ ಮನೆಮಾತು ಕನ್ನಡ, ಬೀದಿಯ ಮಾತು ತಮಿಳು. ಅಂಥವರೊಬ್ಬರ ದನಿ ಹಿಸುಕಿದಂತಾಗಿ ನಡುನಡುವೆ ತುಂಡಾಗತೊಡಗಿದರೆ, ಮಗ್ಗದ ಸದ್ದು ಮೀರಿ ಕೂಗಿದ್ದೇ ಕಾರಣ ಎಂದುಬಿಡುವುದು ಸುಲಭ. ಕೂಗಿ ಕೆಟ್ಟ ದನಿ ವಿಶ್ರಾಂತಿಗೂ ಸ್ವರಚಿಕಿತ್ಸೆಗೂ ಬಗ್ಗುವುದುಂಟು. ಸ್ಪಾಸ್ಮೋಡಿಕ್ ಡಿಸ್ಫೋನಿಯಾ ಎಂಬ ಸೆಡೆತದ ದನಿ ಅಷ್ಟಕ್ಕೆ ಬಗ್ಗದು. ಕ್ಯಾಮೆರಾ ಇಳಿಸಿ ನೋಡಿದರೆ ಧ್ವನಿತಂತುಗಳಲ್ಲಿ ಗಂಟಿಲ್ಲ, ಗಾಯವಿಲ್ಲ. ನಗು, ಪಿಸುಮಾತು ಎಷ್ಟೋ ಸಲ ಸರಾಗ.

ರೋಗಿಗೆ ಮುಳುವಾದದ್ದು ಇದೇ. ನಗಬಲ್ಲವರು ಮಾತಾಡಲೇಕೆ ತಿಣುಕಬೇಕು? 1871ರಲ್ಲಿ ಜರ್ಮನಿಯ ಲುಡ್ವಿಗ್ ಟ್ರೌಬೆ ಇದನ್ನು ನರದೌರ್ಬಲ್ಯದ ಗೊಗ್ಗರು ದನಿಯೆಂದು ವರ್ಣಿಸಿದ ಮೇಲೆ, ಹೆಚ್ಚುಕಡಿಮೆ ಒಂದು ಶತಮಾನ ಇದು ಮನಸ್ಸಿನ ಕಾಯಿಲೆಯಾಗಿಯೇ ಉಳಿಯಿತು. 1968ರಲ್ಲಿ ಆರ್ನಾಲ್ಡ್ ಅರಾನ್ಸನ್ ಮತ್ತು ಸಂಗಡಿಗರು ಈ ರೋಗಿಗಳ ಮನಃಸ್ಥಿತಿ ಉಳಿದವರಿಗಿಂತ ಬೇರೆಯಲ್ಲವೆಂದು ತೋರಿಸಿದರು. ನನ್ನ ಲೆಕ್ಕದಲ್ಲಿ ಈ ಚರಿತ್ರೆಯ ನಿಜವಾದ ತಿರುವು ಅದು. ಮುಂದೆ ಬಂದ ಯಾವ ಯಂತ್ರವೂ ಅಲ್ಲ.

1976ರಲ್ಲಿ ಹರ್ಬರ್ಟ್ ಡೆಡೊ ಒಂದು ಬದಿಯ ಧ್ವನಿನರವನ್ನೇ ಕತ್ತರಿಸಿದರು. ಹಲವರಲ್ಲಿ ಸೆಡೆತ ಮರಳಿತು. 1984ರಲ್ಲಿ ಆಂಡ್ರ್ಯೂ ಬ್ಲಿಟ್ಸರ್ ಧ್ವನಿಪೆಟ್ಟಿಗೆಯ ಸ್ನಾಯುವಿಗೆ ಬೊಟುಲಿನಮ್ ವಿಷದ ಚುಚ್ಚುಮದ್ದು ಕೊಟ್ಟರು. ಇಂದಿಗೂ ಮುಖ್ಯ ಚಿಕಿತ್ಸೆ ಅದೇ. ಗುಣ ಕೆಲವು ತಿಂಗಳಷ್ಟೆ, ಆಮೇಲೆ ಮತ್ತೆ ಸೂಜಿ.

ಇವೆಲ್ಲ ಗಂಟಲಿಗೆ ಕೈಹಾಕಿದ ಉಪಾಯಗಳು; ಸೆಡೆತದ ಮೂಲವಾದರೋ ಮಿದುಳಿನಲ್ಲಿ. ತಲೆಬುರುಡೆ ತೆರೆಯದೆ, ಕಾಂತದಿಂದ ಮಿದುಳನ್ನು ಮುಟ್ಟುವ ದಾರಿ 1985ರಲ್ಲಿ ಶೆಫೀಲ್ಡ್‌ನ ಆಂಥನಿ ಬಾರ್ಕರ್ ಅವರಿಂದ ತೆರೆಯಿತು. ತಲೆಯ ಮೇಲಿಟ್ಟ ತಂತಿಸುರುಳಿಯಲ್ಲಿ ಕ್ಷಣಮಾತ್ರ ಹರಿದ ವಿದ್ಯುತ್ತು ಕಾಂತಕ್ಷೇತ್ರ ಹುಟ್ಟಿಸುತ್ತದೆ. ಅದು ಮಿದುಳಿನ ತೊಗಟೆಯಲ್ಲಿ ಮತ್ತೆ ವಿದ್ಯುತ್ತಾಗುತ್ತದೆ. ಮೊದಲಿಗೆ ಈ ಕಾಂತ ಪ್ರಚೋದನೆ ಅಳೆಯುವ ಸಾಧನವಾಗಿತ್ತು. ಸೆಕೆಂಡಿಗೊಂದರಂತೆ ನಿಧಾನವಾಗಿ ಬಡಿದರೆ ಆ ಭಾಗದ ಉದ್ರೇಕ ತಗ್ಗುತ್ತದೆಂದು 1990ರ ದಶಕದಲ್ಲಿ ತಿಳಿದಾಗ ಚಿಕಿತ್ಸೆಯ ಆಸೆ ಚಿಗುರಿತು. ಸೆಡೆತದ ರೋಗಗಳಲ್ಲಿ ಮೊದಲ ಪ್ರಯೋಗ ದನಿಯ ಮೇಲಲ್ಲ, ಬರೆಯುವಾಗ ಬೆರಳು ಸೆಟೆಯುವವರ ಮೇಲೆ. ಎರಡೂ, ಸ್ನಾಯು ತಾನಾಗಿ ಸೆಡೆಯುವ ಡಿಸ್ಟೋನಿಯಾ ಎಂಬ ಒಂದೇ ಕುಲದವು.

ಧ್ವನಿಪೆಟ್ಟಿಗೆ ಕೈಯಷ್ಟು ಸುಲಭವಲ್ಲ. ಅದನ್ನಾಳುವ ತೊಗಟೆಯ ಭಾಗ ಮುಖದ ಸ್ನಾಯುಗಳ ಭಾಗಕ್ಕೆ ತೀರ ಹತ್ತಿರ. ಸ್ನಾಯುವಿನ ಪ್ರತಿಕ್ರಿಯೆ ಅಳೆಯಲು ಕುತ್ತಿಗೆಯಿಂದ ಸೂಕ್ಷ್ಮ ತಂತಿ ತೂರಿಸಬೇಕು. 2014ರಲ್ಲಿ ಸಮಾರ್ಜಿಯಾ, ಕಿಂಬರ್ಲಿ ಮೊದಲಾದ ಸಂಶೋಧಕರು, ಪ್ರಚೋದನೆಯ ಬೆನ್ನಿಗೆ ಬರುವ ಕೈಸ್ನಾಯುವಿನ ಮೌನಾವಧಿ ಈ ರೋಗಿಗಳಲ್ಲಿ ಮೊಟಕೆಂದು ಕಂಡರು. ಅಂದರೆ ತಡೆಯುವ ಶಕ್ತಿ ಕುಂದಿದೆ. ಈ ತರ್ಕ ಹಿಡಿದು ನಡೆದ ನಿಧಾನಗತಿಯ ಪ್ರಚೋದನೆಯ ಅಧ್ಯಯನಗಳು ಇನ್ನೂ ಸಣ್ಣವು. ವಾಡಿಕೆಯ ಚಿಕಿತ್ಸೆ ಎನ್ನುವ ಕಾಲ ಬಂದಿಲ್ಲ.

ನಮ್ಮ ದ್ವಿಭಾಷಿಕ ನೇಕಾರರ ಪ್ರಶ್ನೆ ಬರುವುದು ಇಲ್ಲಿ. ಗುಣವಾಯಿತೆಂದು ಅಳೆಯುವುದು ವಾಕ್ಯಗಳಿಂದ. ಈ ರೋಗದಲ್ಲಿ ಎರಡು ಬಗೆ. ತಂತುಗಳು ಬಿಗಿಯುವ ಬಗೆಯಲ್ಲಿ ‘ಅಮ್ಮನ ಮನೆಯಲ್ಲಿ ಬೆಲ್ಲ ಇದೆ’ ಎಂಬಂಥ ಪೂರ್ತಿ ಘೋಷಧ್ವನಿಗಳ ವಾಕ್ಯ ತೊಡರಬೇಕು. ತಂತುಗಳು ತೆರೆದುಕೊಳ್ಳುವ ಬಗೆಯಲ್ಲಿ ‘ಸೊಪ್ಪು ಕಿತ್ತು ಕಟ್ಟು’ ಎಂಬಂಥ ಅಘೋಷ ವ್ಯಂಜನಗಳ ವಾಕ್ಯ. ಕನ್ನಡದಂತಲ್ಲದೆ, ತಮಿಳಿನಲ್ಲಿ ಸ್ಪರ್ಶ ವ್ಯಂಜನದ ಘೋಷ–ಅಘೋಷವನ್ನು ಬಹುಮಟ್ಟಿಗೆ ಪದದೊಳಗಿನ ಸ್ಥಾನ ನಿರ್ಧರಿಸುತ್ತದೆ. ಹಾಗಾಗಿ ಒಂದು ಭಾಷೆಯ ಪರೀಕ್ಷಾವಾಕ್ಯವನ್ನು ಅನುವಾದಿಸಿದರೆ ಪರೀಕ್ಷೆಯೇ ಬೇರೆಯಾದೀತು. ಇಂಥವರ ದನಿಯನ್ನು ಕಾಂತ ಪ್ರಚೋದನೆಗೆ ಮೊದಲು ಮತ್ತು ಆನಂತರ ಎರಡೂ ಭಾಷೆಗಳಲ್ಲಿ, ಆಯಾ ಭಾಷೆಯಲ್ಲೇ ಕಟ್ಟಿದ ವಾಕ್ಯಗಳಿಂದ ದಾಖಲಿಸಬೇಕಾಗುತ್ತದೆ. ಇಂಥ ಕೆಲಸ ಆಗಬಹುದಾದ, 1965ರಿಂದ ಮೈಸೂರಿನಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ನಡುವಿನ ದಿಂಬಂ ಘಟ್ಟ ಹತ್ತಿದರೆ, ಅವರಿಗೆ ಬಹಳ ದೂರವೇನಲ್ಲ.